ಹಸಿರು ಪ್ಲೇಟು, ಕರಿ ಕಲ್ಲಿದ್ದಲು

ಕೆ.ಆರ್.ಪುರದ ಟಿನ್ ಫ್ಯಾಕ್ಟರಿ ಹತ್ತಿರ ಸಂಜೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರಿಗೆ ಗೊತ್ತು, ಅಲ್ಲಿ ಮುಂದಿನ ಗಾಡಿಯ ನಂಬರ್ ಪ್ಲೇಟ್ ಓದೋದು ಬಿಟ್ಟರೆ ಬೇರೆ ಮನರಂಜನೆ ಇಲ್ಲ. ಕೆಲವು ವರ್ಷಗಳಿಂದ ಅಲ್ಲಿ ಹಸಿರು ಪ್ಲೇಟುಗಳು ಜಾಸ್ತಿ ಆಗ್ತಾ ಇವೆ. ಎಲೆಕ್ಟ್ರಿಕ್ ಗಾಡಿ ಅಂತ ಗುರುತು.

ನಮ್ಮ ಆಫೀಸಿನಲ್ಲಿ ಒಬ್ಬ ಸಣ್ಣ ಪೆಟ್ರೋಲ್ ಕಾರು ಮಾರಿ ದೊಡ್ಡದೊಂದು ಎಲೆಕ್ಟ್ರಿಕ್ ಎಸ್‌ಯುವಿ ಬುಕ್ ಮಾಡಿದ. "ಇನ್ಮೇಲೆ ನನ್ನ ಕಾರ್ಬನ್ ಲೆಕ್ಕ ಸೊನ್ನೆ ಕಣ್ರಯ್ಯಾ" ಅಂದ. ಪಕ್ಕದಲ್ಲಿದ್ದವನು ಸುಮ್ಮನಿರಬೇಕಲ್ಲ, "ಎಲ್ಲಾ ಬೂಸಿ. ಕರೆಂಟು ಬರೋದೇ ಕಲ್ಲಿದ್ದಲಿಂದ" ಅಂದ. ಇಬ್ಬರೂ ಹೇಳಿದ್ದು ಅರ್ಧ ಸರಿ. ನಾನು ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಓದಿ ಆಮೇಲೆ ಸಾಫ್ಟ್‌ವೇರ್ ಸೇರಿದವನು. ಹಾಗಾಗಿ ಉಳಿದರ್ಧ ಎಲ್ಲಿದೆ ಅಂತ ಹುಡುಕೋಣ ಅನ್ನಿಸಿತು. ಹುಡುಕುತ್ತಾ ಹೋದರೆ ಅದು ಕಾರಿನ ಕಥೆ ಅಲ್ಲವೇ ಅಲ್ಲ, ಗೋಡೆಯ ಪ್ಲಗ್ಗಿನ ಹಿಂದಿನ ಕಥೆ. ಅದೂ ನಮ್ಮ ದಂಡು, ಹಲಸೂರು, ಕೆ.ಆರ್.ಪುರದ ಸುತ್ತಲೇ ನೂರು ವರ್ಷಕ್ಕೂ ಮೀರಿದ ಕಥೆ.

ನೀರಿನ ಕರೆಂಟು

ನಿಮಗೆ ಗೊತ್ತಿರಬಹುದು, 1947ರವರೆಗೆ ಬೆಂಗಳೂರು ಅಂದರೆ ಆಡಳಿತದಲ್ಲಿ ಎರಡು ಊರು. ಒಂದು ಮಹಾರಾಜರ ಪೇಟೆ, ಇನ್ನೊಂದು ಬ್ರಿಟಿಷರ ದಂಡು. ಹಲಸೂರು, ಆಗ ಬ್ಲ್ಯಾಕ್‌ಪಲ್ಲಿ ಅನ್ನಿಸಿಕೊಳ್ಳುತ್ತಿದ್ದ ಈಗಿನ ಶಿವಾಜಿನಗರ, ಎಲ್ಲ ದಂಡಿನ ಕಡೆ. ಜನ ಓಡಾಡುತ್ತಿದ್ದುದು ಜಟಕಾದಲ್ಲಿ, ಎತ್ತಿನ ಗಾಡಿಯಲ್ಲಿ, ಇಲ್ಲವೇ ನಡೆದುಕೊಂಡು. 1864ರಲ್ಲಿ ದಂಡು ರೈಲು ನಿಲ್ದಾಣ ಶುರುವಾಗಿ ಜೋಲಾರ್‌ಪೇಟೆ ಕಡೆಯಿಂದ ಉಗಿಬಂಡಿ ಬಂತು.

ಆ ರೈಲು ದಾರಿ ಕೆ.ಆರ್.ಪುರ ದಾಟಿ ಬಂಗಾರಪೇಟೆ ಕಡೆ ಹೋಗುತ್ತೆ. ಅಲ್ಲಿಂದ ಪಕ್ಕಕ್ಕೆ ಹೊರಳಿದರೆ ಕೋಲಾರದ ಚಿನ್ನದ ಗಣಿ. ಗಣಿಯ ಯಂತ್ರಗಳೆಲ್ಲ ಉಗಿಯ ಮೇಲೆ ನಡೆಯುತ್ತಿದ್ದವು. ಉಗಿಗೆ ಕಲ್ಲಿದ್ದಲು ಬೇಕು, ಕಲ್ಲಿದ್ದಲು ದೂರದಿಂದ ಬರಬೇಕು, ಖರ್ಚೋ ಖರ್ಚು. ಆಗ ರಾಯಲ್ ಇಂಜಿನಿಯರ್ಸ್‌ನ ಜೋಲಿ ದ ಲಾಟ್‌ಬಿನಿಯೇರ್ ಎಂಬ ಅಧಿಕಾರಿ ಹೊಸ ಯೋಚನೆ ಮುಂದಿಟ್ಟ: ಶಿವನಸಮುದ್ರದಲ್ಲಿ ಕಾವೇರಿ ಸುಮ್ಮನೆ ಧುಮುಕುತ್ತಿದ್ದಾಳೆ, ಅಲ್ಲಿ ವಿದ್ಯುತ್ ಮಾಡಿ ತಂತಿಯಲ್ಲಿ ಗಣಿಗೆ ಕಳಿಸೋಣ. ದಿವಾನ್ ಶೇಷಾದ್ರಿ ಅಯ್ಯರ್ ಇದಕ್ಕೆ ಒತ್ತಾಸೆಯಾಗಿ ನಿಂತರು. 1902ರ ಜೂನ್ 30ರಂದು ಸುಮಾರು 147 ಕಿ.ಮೀ. ದೂರ ಕರೆಂಟು ಹರಿದು ಗಣಿ ಮುಟ್ಟಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ತಂತಿಗಳಲ್ಲಿ ಅದೂ ಒಂದು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಮುಂದಿನ ವರ್ಷಗಳಲ್ಲಿ ದಂಡಿಗೂ ತಂತಿ ಎಳೆದರು.

ಇಲ್ಲೊಂದು ಮಾತು ಗಮನಿಸಿ. ಇದನ್ನೆಲ್ಲ ಯಾರೂ ಪರಿಸರ ಉಳಿಸಲಿಕ್ಕೆ ಮಾಡಲಿಲ್ಲ. ಕಲ್ಲಿದ್ದಲಿಗಿಂತ ನೀರು ಅಗ್ಗ, ಅಷ್ಟೇ. ಆದರೆ ಅದರ ಫಲವಾಗಿ ಬೆಂಗಳೂರಿನ ಪ್ಲಗ್ಗು ಹುಟ್ಟುವಾಗಲೇ ಹೊಗೆಯಿಲ್ಲದ ಪ್ಲಗ್ಗಾಗಿ ಹುಟ್ಟಿತು. ಲಂಡನ್, ನ್ಯೂಯಾರ್ಕ್‌ಗಳಲ್ಲಿ ಮೊದಲ ಬಲ್ಬು ಉರಿದದ್ದು ಕಲ್ಲಿದ್ದಲಿನಿಂದ. ನಮ್ಮದು ಕಾವೇರಿಯಿಂದ.

ತಪ್ಪಿಹೋದ ಗಾಡಿ

ಹಾಗಾದರೆ ಆಗಲೇ ಎಲೆಕ್ಟ್ರಿಕ್ ಕಾರು ಯಾಕೆ ಬರಲಿಲ್ಲ? ಬಂದಿತ್ತು, ಆದರೆ ಇಲ್ಲಿಗಲ್ಲ. 1900ರ ಹೊತ್ತಿಗೆ ಅಮೆರಿಕಾದ ಮೋಟಾರು ಗಾಡಿಗಳಲ್ಲಿ ಸುಮಾರು ಮೂರನೇ ಒಂದು ಭಾಗ ಬ್ಯಾಟರಿಯವೇ ಆಗಿದ್ದವು. ಪೆಟ್ರೋಲ್ ಕಾರು ಸ್ಟಾರ್ಟ್ ಮಾಡಲು ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕಿತ್ತು, ಒಮ್ಮೊಮ್ಮೆ ಅದು ವಾಪಸ್ ಹೊಡೆದು ಕೈ ಮುರಿಯುತ್ತಿತ್ತು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಎಲೆಕ್ಟ್ರಿಕ್ ಸ್ಟಾರ್ಟರ್ ಬಂತು. ತಮಾಷೆ ನೋಡಿ, ಎಲೆಕ್ಟ್ರಿಕ್ ಕಾರನ್ನು ಮುಗಿಸಿದ್ದರಲ್ಲಿ ಒಂದು ಎಲೆಕ್ಟ್ರಿಕ್ ಮೋಟಾರಿನ ಪಾಲೂ ಇದೆ :) ಪೆಟ್ರೋಲ್ ಅಗ್ಗವಾಯಿತು, ರಸ್ತೆ ಉದ್ದವಾಯಿತು, ಬ್ಯಾಟರಿ ಮಾತ್ರ ಇದ್ದಲ್ಲೇ ಉಳಿಯಿತು.

ಪಕ್ಕದ ಮದ್ರಾಸಿನಲ್ಲಿ 1895ರಿಂದಲೇ ಎಲೆಕ್ಟ್ರಿಕ್ ಟ್ರಾಮ್ ಓಡುತ್ತಿತ್ತು. ಬೆಂಗಳೂರಿಗೆ ಟ್ರಾಮ್ ಬರಲೇ ಇಲ್ಲ. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಶುರುವಾದಾಗ ಇದ್ದದ್ದು 98 ಬಸ್ಸು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲ್‌ಗೆ ರೇಷನ್ ಬಂದಾಗ ನಮ್ಮ ಕಡೆ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಗ್ಯಾಸ್ ಒಲೆ ಕಟ್ಟಿ ಓಡಿಸಿದರು. ಅಜ್ಜ ಅಜ್ಜಿಯರ ಬಾಯಲ್ಲಿ ಇದ್ದಿಲು ಬಸ್ಸಿನ ಕಥೆ ಕೇಳಿರುತ್ತೀರಿ. ಅಂದರೆ ತಲೆಯ ಮೇಲಿನ ತಂತಿಯಲ್ಲಿ ಕಾವೇರಿ, ಕೆಳಗಿನ ರಸ್ತೆಯಲ್ಲಿ ಇದ್ದಿಲ ಹೊಗೆ. ಎರಡನ್ನೂ ಜೋಡಿಸುವ ಬ್ಯಾಟರಿ ಇರಲಿಲ್ಲ.

ಮೋಟಾರು ಮಾಡುವ ವಿದ್ಯೆಗೇನೂ ಕೊರತೆ ಇರಲಿಲ್ಲ ಅನ್ನೋದಕ್ಕೆ ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಸಾಕ್ಷಿ. ಜರ್ಮನಿಯ ಎಇಜಿ ಜೊತೆ ಸೇರಿ ಹಳೇ ಮದ್ರಾಸ್ ರಸ್ತೆಯ ಪಕ್ಕದಲ್ಲಿ ಬೆಳೆದ ಈ ಸರ್ಕಾರಿ ಕಾರ್ಖಾನೆ ದಶಕಗಟ್ಟಲೆ ಮೋಟಾರು, ಟ್ರಾನ್ಸ್‌ಫಾರ್ಮರ್ ಮಾಡಿತು. 2002ರಲ್ಲಿ ಬಾಗಿಲು ಹಾಕಿತು. ಅಷ್ಟರಲ್ಲಿ ಬೆಂಗಳೂರಿನಲ್ಲೇ ಮಾಡಿದ ಎಲೆಕ್ಟ್ರಿಕ್ ಕಾರು ರಸ್ತೆಗಿಳಿದು ಒಂದು ವರ್ಷ ಆಗಿತ್ತಷ್ಟೆ. ಆ ಕಾರಿಗೆ ಆಮೇಲೆ ಬರ್ತೀನಿ, ಅದಕ್ಕೆ ಮೊದಲು ಪ್ಲಗ್ಗಿನ ಹಿಂದೆ ಆದ ಬದಲಾವಣೆ ನೋಡಬೇಕು.

ನೀರಿನಿಂದ ಬೆಂಕಿಗೆ

ಶಿವನಸಮುದ್ರದ ನಂತರ ಶಿಂಷಾ, 1948ರಲ್ಲಿ ಜೋಗ, 1960ರ ದಶಕದಲ್ಲಿ ಶರಾವತಿ. 1985ರವರೆಗೆ ರಾಜ್ಯದಲ್ಲಿ ತಯಾರಾಗುತ್ತಿದ್ದ ಕರೆಂಟು ಹೆಚ್ಚುಕಮ್ಮಿ ಎಲ್ಲವೂ ನೀರಿನದ್ದೇ. ಅದೇನೂ ಪುಕ್ಕಟೆ ಬಂದದ್ದಲ್ಲ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರು, ತೋಟ, ಕಾಡು ಮುಳುಗಿದವು. ದಂಡಿನ ಬಲ್ಬಿಗೆ ಎಣ್ಣೆ ಹಾಕಿದವರು ಶರಾವತಿ ಕಣಿವೆಯವರು ಅಂದರೆ ತಪ್ಪಾಗಲಾರದು. ಮುಳುಗಿದ ಕಾಡು ಕೊಳೆತರೆ ಮೀಥೇನ್ ಬರುತ್ತೆ, ಹಾಗಾಗಿ ಅಣೆಕಟ್ಟಿನ ಕರೆಂಟೂ ಪೂರ್ತಿ ಸೊನ್ನೆ ಅಲ್ಲ. ಆದರೂ ಕಲ್ಲಿದ್ದಲಿಗೆ ಹೋಲಿಸಿದರೆ ಎಷ್ಟೋ ವಾಸಿ.

ತೊಂದರೆ ಏನೆಂದರೆ ಮಳೆ ಕೈಕೊಟ್ಟರೆ ಕರೆಂಟೂ ಕೈಕೊಡುತ್ತಿತ್ತು. ಊರು ಬೆಳೀತು, ಕಾರ್ಖಾನೆ ಬೆಳೆದವು, ಪವರ್ ಕಟ್ ಮಾಮೂಲಾಯಿತು. ಅದಕ್ಕೆ ಉತ್ತರವಾಗಿ ರಾಯಚೂರಿನ ಶಕ್ತಿನಗರದಲ್ಲಿ ಕೃಷ್ಣಾ ದಡದ ಮೇಲೆ ಕಲ್ಲಿದ್ದಲಿನ ಸ್ಥಾವರ ಎದ್ದಿತು. 1985ರಲ್ಲಿ ಮೊದಲ ಘಟಕ. ಒಂದಾದ ಮೇಲೊಂದು ಸೇರಿ ಎಂಟು ಘಟಕ, ಒಟ್ಟು 1720 ಮೆಗಾವ್ಯಾಟ್. ಆಮೇಲೆ ಬಳ್ಳಾರಿಯಲ್ಲಿ 1700 ಮೆಗಾವ್ಯಾಟ್. 1990ರ ದಶಕದಲ್ಲಿ ಯಲಹಂಕದಲ್ಲಿ ಡೀಸೆಲ್ ಸುಟ್ಟು ಕರೆಂಟು ಮಾಡುವ ಸ್ಥಾವರ ಕೂಡಾ ಬಂತು!

ನಮ್ಮ ದೇಶದ ಕಲ್ಲಿದ್ದಲಿನಿಂದ 1 ಯೂನಿಟ್ ಕರೆಂಟು ಮಾಡಿದರೆ ಹತ್ತಿರ ಹತ್ತಿರ 1 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತೆ. ನೀವು ಇಂದಿರಾನಗರದಲ್ಲಿ ಸ್ವಿಚ್ ಒತ್ತಿದರೆ ಹೊಗೆ ಶಕ್ತಿನಗರದಲ್ಲಿ. ಬೂದಿಯ ಧೂಳು ಕುಡಿಯೋರು ಅಲ್ಲಿಯವರು. ಇಲ್ಲಿ ಎರಡು ವಿಷಯ ಬೇರೆ ಬೇರೆ ಮಾಡಿ ನೋಡಬೇಕು. ಶಿವಾಜಿನಗರ ಬಸ್ ಸ್ಟ್ಯಾಂಡಿನಲ್ಲಿ ಮೂಗಿಗೆ ಬಡಿಯುವ ಹೊಗೆ ಸ್ಥಳೀಯ. ಎಲೆಕ್ಟ್ರಿಕ್ ಗಾಡಿ ಬಂದರೆ ಅದು ನಿಜವಾಗಿಯೂ ಕಮ್ಮಿ ಆಗುತ್ತೆ, ಅದು ಸಣ್ಣ ಲಾಭ ಅಲ್ಲ. ಆದರೆ ಭೂಮಿಯನ್ನು ಬಿಸಿ ಮಾಡುವ ಅನಿಲಕ್ಕೆ ಊರಿನ ಲೆಕ್ಕ ಇಲ್ಲ. ಅದು ರಾಯಚೂರಿನಲ್ಲಿ ಬಿಟ್ಟರೂ ಒಂದೇ, ರಸೆಲ್ ಮಾರ್ಕೆಟ್ ಎದುರು ಬಿಟ್ಟರೂ ಒಂದೇ.

ರೇವಾ

ಈ ಹೊತ್ತಿಗೆ ಬಂದದ್ದು ರೇವಾ. ಚೇತನ್ ಮೈನಿ ಅಮೆರಿಕಾದಲ್ಲಿ ಓದುವಾಗ ಸೌರ ಕಾರಿನ ರೇಸ್ ತಂಡದಲ್ಲಿದ್ದವರು. ಮೈನಿ ಸಮೂಹ ಮತ್ತು ಅಮೆರಿಕಾದ ಅಮೆರಿಗಾನ್ ಸೇರಿ 1994ರಲ್ಲಿ ಕಂಪನಿ ಶುರುಮಾಡಿ, 2001ರಲ್ಲಿ ಬೆಂಗಳೂರಿನಲ್ಲಿ ಕಾರು ಮಾರಾಟಕ್ಕೆ ಬಿಟ್ಟರು. ಎರಡು ಬಾಗಿಲು, ಮುಂದೆ ಇಬ್ಬರು, ಹಿಂದೆ ಮಕ್ಕಳು ಮಾತ್ರ. ಸೀಸದ ಬ್ಯಾಟರಿ. ಜನ ನಕ್ಕರು, ಆಟಿಕೆ ಅಂದರು. ಆದರೆ ಅದೇ ಕಾರು ಜಿ-ವಿಝ್ ಅನ್ನೋ ಹೆಸರಲ್ಲಿ ಲಂಡನ್‌ಗೆ ಹೋಯಿತು. ಅಲ್ಲಿ ಊರೊಳಗೆ ಬರುವ ಕಾರಿಗೆ ಹಾಕುವ ಶುಲ್ಕದಿಂದ ಎಲೆಕ್ಟ್ರಿಕ್ ಕಾರಿಗೆ ವಿನಾಯಿತಿ ಇದ್ದ ಕಾರಣ ಸಾವಿರಕ್ಕೂ ಹೆಚ್ಚು ಓಡಾಡಿದವು. 2010ರಲ್ಲಿ ಮಹೀಂದ್ರ ಕಂಪನಿ ರೇವಾವನ್ನು ಕೊಂಡಿತು.

ಈಗ ನನ್ನ ಲೆಕ್ಕ. (ಇದು ಹಾಳೆಯ ಮೇಲಿನ ಅಂದಾಜು, ಯಾವುದೇ ವರದಿಯದ್ದಲ್ಲ. ಬೇಕಾದರೆ ನೀವೂ ಮಾಡಿ ನೋಡಿ.) ಕಂಪನಿ ಹೇಳುತ್ತಿದ್ದ ಪ್ರಕಾರ ಸುಮಾರು 9 ಯೂನಿಟ್ ಚಾರ್ಜಿಗೆ 80 ಕಿ.ಮೀ. ಆಗ ದೇಶದ ಸರಾಸರಿ 1 ಯೂನಿಟ್ ಕರೆಂಟಿಗೆ ಸುಮಾರು 0.8 ಕೆ.ಜಿ. ಇಂಗಾಲದ ಡೈಆಕ್ಸೈಡ್. ದಾರಿಯಲ್ಲಿ ತಂತಿಯಲ್ಲಿ ಸೋರುವುದು ಐದನೇ ಒಂದು ಭಾಗ ಅಂತ ಹಿಡಿದರೆ ಪ್ಲಗ್ಗಿನಲ್ಲಿ ಯೂನಿಟ್‌ಗೆ 1 ಕೆ.ಜಿ. ಆಯ್ತು. ಅಂದರೆ ಕಿ.ಮೀ.ಗೆ ಸುಮಾರು 110 ಗ್ರಾಂ. ನಮ್ಮ ರಸ್ತೆಯಲ್ಲಿ 80 ಎಲ್ಲಿ ಬರುತ್ತೆ ಸ್ವಾಮಿ, 60 ಅಂದುಕೊಳ್ಳಿ. ಆಗ 150 ಗ್ರಾಂ.

ಅದೇ ಕಾಲದ ಮಾರುತಿ 800 ಲೀಟರಿಗೆ 16 ಕಿ.ಮೀ. ಕೊಟ್ಟಿತು ಅಂತಿಟ್ಟುಕೊಳ್ಳಿ. 1 ಲೀಟರ್ ಪೆಟ್ರೋಲ್ ಸುಟ್ಟರೆ 2.3 ಕೆ.ಜಿ., ಕಿ.ಮೀ.ಗೆ 144 ಗ್ರಾಂ. ಬಾವಿಯಿಂದ ಎಣ್ಣೆ ತೆಗೆದು, ಸಂಸ್ಕರಿಸಿ, ಬಂಕಿಗೆ ತರುವ ಖರ್ಚು ಐದನೇ ಒಂದು ಭಾಗ ಸೇರಿಸಿದರೆ ಸುಮಾರು 170. ಗೆದ್ದದ್ದು ರೇವಾನೇ, ಆದರೆ ಕೂದಲೆಳೆಯ ಅಂತರದಲ್ಲಿ. ಅದೂ ಯಾಕೆ ಗೆದ್ದಿತು? ಎಲೆಕ್ಟ್ರಿಕ್ ಅಂತ ಮಾತ್ರ ಅಲ್ಲ, ಪುಟ್ಟದು ಅಂತ. ಎಲ್ಲರೂ ನಕ್ಕ ಆ ಸಣ್ಣ ಗಾತ್ರವೇ ಅದರ ನಿಜವಾದ ಬಲ.

ಹೀಗಾಗಿ ನಮ್ಮ ಊರಿನ ಕಥೆಯಲ್ಲಿ ಒಂದು ವ್ಯಂಗ್ಯ ಇದೆ. ಪ್ಲಗ್ಗು ಶುದ್ಧವಾಗಿದ್ದ 80 ವರ್ಷ ನಮ್ಮಲ್ಲಿ ಎಲೆಕ್ಟ್ರಿಕ್ ಕಾರಿರಲಿಲ್ಲ. ಕಾರು ಬರುವ ಹೊತ್ತಿಗೆ ಪ್ಲಗ್ಗಿಗೆ ಮಸಿ ಹತ್ತಿತ್ತು.

ಒಂದೇ ಗ್ರಿಡ್ಡು, ಹಲವು ಗಾಡಿ

"ಕರ್ನಾಟಕದಲ್ಲಿ ನೀರು, ಗಾಳಿ, ಬಿಸಿಲಿನ ಕರೆಂಟೇ ಜಾಸ್ತಿ ಅಲ್ವಾ, ದೇಶದ ಸರಾಸರಿ ಯಾಕೆ ಹಿಡೀತೀಯ?" ಅಂತ ಕೇಳಬಹುದು. ಒಳ್ಳೆ ಪ್ರಶ್ನೆ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ತಂತಿಯ ಮೂಲಕ ದಕ್ಷಿಣದ ಗ್ರಿಡ್ ದೇಶದ ಗ್ರಿಡ್ಡಿಗೆ ಕೂಡಿಕೊಂಡಿತು. ಅಲ್ಲಿಂದ ಮುಂದೆ ಇಡೀ ದೇಶ ಒಂದೇ ಲಯದಲ್ಲಿ ತಿರುಗುವ ಒಂದೇ ದೊಡ್ಡ ಯಂತ್ರ ಇದ್ದ ಹಾಗೆ. ನಾವು ಒಂದು ಯೂನಿಟ್ ಹೆಚ್ಚು ಬಳಸಿದರೆ ಎಲ್ಲೋ ಒಂದು ಕಡೆ ಒಂದು ಯೂನಿಟ್ ಹೆಚ್ಚು ಹುಟ್ಟಬೇಕು. 2023ರಲ್ಲಿ ಮಳೆ ಕೈಕೊಟ್ಟಾಗ ರಾಜ್ಯ ಹೊರಗಿನಿಂದ ಕರೆಂಟು ಕೊಂಡದ್ದು ನೆನಪಿದೆಯಲ್ಲ? ಅದಕ್ಕೇ ಸರಾಸರಿ ಹಿಡಿಯೋದು ಪ್ರಾಮಾಣಿಕ.

ಈ ನಡುವೆ ನಮ್ಮ ಪೂರ್ವ ದಿಕ್ಕು ಒಂದು ಪ್ರಯೋಗಶಾಲೆಯೇ ಆಯಿತು. 2011ರ ಅಕ್ಟೋಬರ್ 20ರಂದು ಮೊದಲ ಮೆಟ್ರೋ ಬೈಯಪ್ಪನಹಳ್ಳಿಯಿಂದ ಇಂದಿರಾನಗರ, ಹಲಸೂರು ದಾಟಿ ಎಂ.ಜಿ.ರಸ್ತೆಗೆ ಓಡಿತು. 2014ರಲ್ಲಿ ಬಿಎಂಟಿಸಿ ಮೆಜೆಸ್ಟಿಕ್‌ನಿಂದ ಕಾಡುಗೋಡಿಗೆ ಹೋಗುವ 335ಇ ಮಾರ್ಗದಲ್ಲಿ ಎಲೆಕ್ಟ್ರಿಕ್ ಬಸ್ ಓಡಿಸಿ ನೋಡಿತು. ಈಗ ಅಂಥ ಬಸ್ಸು ಊರಲ್ಲಿ ಸಾವಿರಕ್ಕೂ ಹೆಚ್ಚಿವೆ. 2017ರಲ್ಲಿ ಎಲೆಕ್ಟ್ರಿಕ್ ವಾಹನಗಳಿಗೆ ಅಂತಲೇ ಕರ್ನಾಟಕ ಒಂದು ನೀತಿ ತಂದಿತು. 2018ರಲ್ಲಿ ಏಥರ್ ಕಂಪನಿ ತನ್ನ ಸ್ಕೂಟರಿಗೆ ಮೊದಲ ಮಳಿಗೆ ತೆರೆದದ್ದು ಇಂದಿರಾನಗರದಲ್ಲಿ. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ-ಕೆ.ಆರ್.ಪುರದ ಕೊಂಡಿ ಕೂಡಿ ನೇರಳೆ ಮಾರ್ಗ ವೈಟ್‌ಫೀಲ್ಡ್‌ವರೆಗೆ ಒಂದಾಯಿತು. ಮುಚ್ಚಿಹೋದ ಎನ್‌ಜಿಇಎಫ್ ಪಕ್ಕದಲ್ಲೇ ದಿನಾ ಎಲೆಕ್ಟ್ರಿಕ್ ಮೋಟಾರಿನ ರೈಲು ಓಡುತ್ತೆ.

ಈಗ ಮತ್ತೆ ಲೆಕ್ಕ. ಇವತ್ತು ದೇಶದ ಸರಾಸರಿ ಯೂನಿಟ್‌ಗೆ ಸುಮಾರು 0.7 ಕೆ.ಜಿ.ಗೆ ಇಳಿದಿದೆ. ತಂತಿಯ ಸೋರಿಕೆ ಸೇರಿ ಪ್ಲಗ್ಗಿನಲ್ಲಿ 0.8 ಅನ್ನೋಣ. ಕಿ.ಮೀ. ಲೆಕ್ಕದಲ್ಲಿ:

- ಮಧ್ಯಮ ಎಲೆಕ್ಟ್ರಿಕ್ ಕಾರು, ಕಿ.ಮೀ.ಗೆ 0.15 ಯೂನಿಟ್: 120 ಗ್ರಾಂ. ಅದೇ ಗಾತ್ರದ ಪೆಟ್ರೋಲ್ ಕಾರು, ಲೀಟರಿಗೆ 15 ಕಿ.ಮೀ.: ಎಣ್ಣೆ ತರುವ ಖರ್ಚು ಸೇರಿ ಸುಮಾರು 185 ಗ್ರಾಂ.
- ದೊಡ್ಡ ಎಲೆಕ್ಟ್ರಿಕ್ ಎಸ್‌ಯುವಿ, ಕಿ.ಮೀ.ಗೆ 0.20 ಯೂನಿಟ್: 160 ಗ್ರಾಂ.
- ಸಣ್ಣ ಪೆಟ್ರೋಲ್ ಕಾರು, ಲೀಟರಿಗೆ 18 ಕಿ.ಮೀ.: ಸುಮಾರು 155 ಗ್ರಾಂ.
- ಎಲೆಕ್ಟ್ರಿಕ್ ಸ್ಕೂಟರ್, ಕಿ.ಮೀ.ಗೆ 0.035 ಯೂನಿಟ್: 28 ಗ್ರಾಂ. ಪೆಟ್ರೋಲ್ ಸ್ಕೂಟರ್, ಲೀಟರಿಗೆ 45 ಕಿ.ಮೀ.: ಸುಮಾರು 60 ಗ್ರಾಂ.

ಎರಡನೇ ಮತ್ತು ಮೂರನೇ ಸಾಲು ಇನ್ನೊಮ್ಮೆ ನೋಡಿ. ಸಣ್ಣ ಪೆಟ್ರೋಲ್ ಕಾರು ಮಾರಿ ದೊಡ್ಡ ಎಲೆಕ್ಟ್ರಿಕ್ ಕೊಂಡರೆ, ಇವತ್ತಿನ ಸರಾಸರಿ ಕರೆಂಟಿನಲ್ಲಿ ಭೂಮಿಗೆ ಸಿಗುವ ಉಳಿತಾಯ ಸೊನ್ನೆ!

ಬ್ಯಾಟರಿ ಮಾಡುವಾಗಿನ ಸಾಲ ಬೇರೆ ಇದೆ. ಪ್ರತಿ ಯೂನಿಟ್ ಸಾಮರ್ಥ್ಯಕ್ಕೆ 60ರಿಂದ 100 ಕೆ.ಜಿ. ಅಂತ ಹಿಡಿದರೆ 40 ಯೂನಿಟ್‌ನ ಬ್ಯಾಟರಿಗೆ ಎರಡೂವರೆಯಿಂದ 4 ಟನ್. ಮಧ್ಯಮ ಕಾರು ಕಿ.ಮೀ.ಗೆ 65 ಗ್ರಾಂ ಉಳಿಸಿ ಉಳಿಸಿ ಈ ಸಾಲ ತೀರಿಸಲು 40ರಿಂದ 60 ಸಾವಿರ ಕಿ.ಮೀ. ಓಡಬೇಕು. ಸ್ಕೂಟರಿನ 3 ಯೂನಿಟ್ ಬ್ಯಾಟರಿಯ ಸಾಲ 10 ಸಾವಿರ ಕಿ.ಮೀ. ಒಳಗೇ ತೀರುತ್ತೆ. ಭಾನುವಾರ ಮಾತ್ರ ಹೊರಗೆ ತೆಗೆಯುವ ಎಲೆಕ್ಟ್ರಿಕ್ ಕಾರಿಗಿಂತ ದಿನಾ 70 ಕಿ.ಮೀ. ಓಡುವ ಎಲೆಕ್ಟ್ರಿಕ್ ಆಟೋ ಭೂಮಿಗೆ ಹೆಚ್ಚು ಉಪಕಾರಿ. ತುಂಬಿದ ಬಸ್ಸು, ಮೆಟ್ರೋ ಬಗ್ಗೆ ಹೇಳೋದೇ ಬೇಡ, ಅಲ್ಲಿ ಗ್ರಾಂಗಳನ್ನು ಹಂಚಿಕೊಳ್ಳೋರು ಎಷ್ಟೊಂದು ಜನ!

ಪ್ಲಗ್ಗಿನ ಹಿಂದೆ ಬಿಸಿಲು

ಹಾಗಂತ "ಎಲ್ಲಾ ಬೂಸಿ" ಅನ್ನೋ ಮಾತೂ ಸರಿಯಲ್ಲ. ಪೆಟ್ರೋಲ್ ಕಾರಿನ ಹಣೆಬರಹ ಶೋರೂಮಿನಿಂದ ಹೊರಬಂದ ದಿನವೇ ಬರೆದಾಗಿರುತ್ತೆ. ಹಳೆಯದಾದಂತೆ ಅದು ಇನ್ನೂ ಕೆಡುತ್ತೆ ಹೊರತು ಸುಧಾರಿಸೋದಿಲ್ಲ. ಎಲೆಕ್ಟ್ರಿಕ್ ಗಾಡಿ ಹಾಗಲ್ಲ. ಪ್ಲಗ್ಗಿನ ಹಿಂದೆ ಕಲ್ಲಿದ್ದಲು ಕಮ್ಮಿಯಾದರೆ ಮನೆ ಮುಂದೆ ನಿಂತ ಗಾಡಿ ತಾನಾಗಿ ಶುದ್ಧವಾಗುತ್ತೆ. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳಬೇಕು ಅಂದರೆ ಕೋಡ್ ಮುಟ್ಟದೆ ಬ್ಯಾಕೆಂಡ್ ಬದಲಾಯಿಸಿದ ಹಾಗೆ.

ಆ ಬದಲಾವಣೆ ಕಣ್ಣೆದುರೇ ಆಗ್ತಾ ಇದೆ. ಪಾವಗಡದಲ್ಲಿ ಐದು ಹಳ್ಳಿಗಳ ಸುಮಾರು 13 ಸಾವಿರ ಎಕರೆಯಲ್ಲಿ 2018ರಲ್ಲಿ ಶುರುವಾದ ಸೌರ ಪಾರ್ಕು 2019ರ ಕೊನೆಗೆ 2050 ಮೆಗಾವ್ಯಾಟ್ ಮುಟ್ಟಿತು. ರೈತರ ಜಮೀನನ್ನು ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ ಬಾಡಿಗೆಯಿಂದ ಗುತ್ತಿಗೆ ಹಿಡಿದರು. ಬರದ ಸೀಮೆಯ ಜಮೀನುದಾರರಿಗೆ ಅನುಕೂಲವಾಯಿತು. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಮಿಯಿಲ್ಲದವರಿಗೆ ಕೆಲಸ ಹೋಯಿತು. ಶರಾವತಿ, ಶಕ್ತಿನಗರ, ಪಾವಗಡ... ನಮ್ಮ ಊರಿನ ಬೆಳಕಿಗೆ ದೂರದಲ್ಲಿ ಯಾರೋ ಒಬ್ಬರು ಬೆಲೆ ಕೊಡೋದು ಮಾತ್ರ ಇನ್ನೂ ನಿಂತಿಲ್ಲ.

ಬಿಸಿಲಿನ ಕರೆಂಟು ಇರೋದು ಹಗಲು. ನಮ್ಮ ಕಾರು, ಸ್ಕೂಟರ್ ಚಾರ್ಜಿಗೆ ಕೂರೋದು ರಾತ್ರಿ ಊಟ ಆದ ಮೇಲೆ. ಪಾವಗಡ ಮಲಗಿರುತ್ತೆ, ರಾಯಚೂರು ಎದ್ದಿರುತ್ತೆ. ಅದೇ ಗಾಡಿಗಳು ಹಗಲೆಲ್ಲ ಎಲ್ಲಿರುತ್ತವೆ? ಮಹದೇವಪುರ, ವೈಟ್‌ಫೀಲ್ಡ್ ಆಫೀಸುಗಳ ನೆಲಮಾಳಿಗೆಯಲ್ಲಿ ಎಂಟು ಗಂಟೆ ಸುಮ್ಮನೆ ನಿಂತಿರುತ್ತವೆ. ಅಲ್ಲಿ ವೇಗದ ಚಾರ್ಜರ್ ಕೂಡ ಬೇಡ, ಮಾಮೂಲಿ 15 ಆಂಪ್ ಪ್ಲಗ್ ಸಾಕು. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರ ಒಳಗೆ ಚಾರ್ಜ್ ಆದರೆ ಅದೇ ಕಾರಿನ ಗ್ರಾಂ ಲೆಕ್ಕ ನಾನು ಮೇಲೆ ಬರೆದದ್ದಕ್ಕಿಂತ ಕೆಳಗಿಳಿಯುವ ಸಾಧ್ಯತೆ ಹೆಚ್ಚು. ಆಫೀಸಿನ ಕ್ಯಾಂಟೀನ್ ಬಗ್ಗೆ ನಾವು ಬರೆಯುವ ಉದ್ದುದ್ದ ಮೇಲ್‌ಗಳಲ್ಲಿ ಅರ್ಧದಷ್ಟನ್ನು ಈ ಪ್ಲಗ್ಗಿನ ಬಗ್ಗೆ ಬರೆದರೂ ಕೆಲಸ ಆದೀತು.

ಇತಿಹಾಸ ಓದಿದ್ದರಿಂದ ನನಗೆ ಹೊಳೆದದ್ದು ಇಷ್ಟು. ಕಾಲ ಮುಂದೆ ಹೋದಂತೆ ಪ್ಲಗ್ಗು ತಾನಾಗೇ ಶುದ್ಧವಾಗುತ್ತೆ ಅನ್ನೋದಕ್ಕೆ ಯಾವ ಗ್ಯಾರಂಟಿಯೂ ಇಲ್ಲ. ನಮ್ಮ ಊರಿನ ಪ್ಲಗ್ಗು ಶುದ್ಧವಾಗಿ ಹುಟ್ಟಿ, ಮಸಿ ಹಿಡಿದು, ಈಗ ಮತ್ತೆ ತೊಳೆದುಕೊಳ್ಳುತ್ತಿದೆ. 1902ರಲ್ಲಿ ಕಲ್ಲಿದ್ದಲು ದುಬಾರಿ ಅಂತ ನೀರಿಗೆ ಹೋದರು, 1985ರಲ್ಲಿ ನೀರು ಸಾಲದು ಅಂತ ಕಲ್ಲಿದ್ದಲಿಗೆ ಹೋದರು. ಎರಡೂ ಸಲ ಆಗ ಬದುಕಿದ್ದ ಮನುಷ್ಯರು ಕೂತು ಮಾಡಿದ ತೀರ್ಮಾನ. ಈ ಸಲದ ತೀರ್ಮಾನದಲ್ಲಿ ನಮಗೂ ಒಂದು ಸಣ್ಣ ಪಾಲಿದೆ: ಯಾವ ಗಾತ್ರದ ಗಾಡಿ ಕೊಳ್ಳುತ್ತೇವೆ, ಎಷ್ಟು ಹೊತ್ತಿಗೆ ಪ್ಲಗ್ಗಿಗೆ ಹಾಕುತ್ತೇವೆ, ಕೆ.ಆರ್.ಪುರದಿಂದ ಎಂ.ಜಿ.ರಸ್ತೆಗೆ ಹೋಗಲು ಗಾಡಿಯೇ ಬೇಕಾ ಅಥವಾ ಮೆಟ್ರೋ ಸಾಕಾ.

ಹಸಿರು ಪ್ಲೇಟಿನ ಗಾಡಿ ಕೊಳ್ಳಿ, ಬೇಡ ಅನ್ನಲ್ಲ. ಸ್ವಲ್ಪ ಚಿಕ್ಕದು ಕೊಳ್ಳಿ, ಹಗಲು ಹೊತ್ತು ಚಾರ್ಜ್ ಮಾಡಿ, ಕೊಂಡ ಮೇಲೆ ಚೆನ್ನಾಗಿ ಓಡಿಸಿ ಸವೆಸಿ. ನನ್ನ ಲೆಕ್ಕದಲ್ಲಿ ಎಲ್ಲಾದರೂ ಗ್ರಾಂ ಹೆಚ್ಚುಕಮ್ಮಿ ಅನ್ನಿಸಿದರೆ ನಿಮ್ಮ ಗಾಡಿಯ ಅಂಕಿ ಹಾಕಿ ನೀವೇ ಮಾಡಿ ನೋಡಿ. ಕಷ್ಟ ಏನಿಲ್ಲ, ಬರೀ ಗುಣಾಕಾರ.